ಕಣ್ಣಿಗೆ ಕಟ್ಟುವ ಕರವಸ್ತ್ರ

ಕಾರ್ತಾಗೊ ಪೇಟೆಯಲ್ಲಿ ಬೆಟ್ಟದ ಬಸ್ಸಿಗೆ ನಿಂತ ಸಾಲಿನಲ್ಲಿ ಯೊರ್ಲೇನಿಯ ಮುಂದೆ ಇಬ್ಬರು ಮುದುಕರು ಕ್ಯಾಮೆರಾ ಹೊತ್ತು ನಿಂತಿದ್ದರು. ಇಬ್ಬರಿಗೂ ಕಿವಿ ಮಂದ, ಮಾತು ಜೋರು. ಹಾಗಾಗಿ ಅವಳು ಕದ್ದು ಕೇಳುವ ಪ್ರಮೇಯವೇ ಬರಲಿಲ್ಲ.

“ಕೆತ್ಸಾಲ್ ಹಕ್ಕಿ ಗೂಡು ಸಿಕ್ಕಿದೆ ಅಂತೀಯ. ಎಲ್ಲಿ ಅಂತ ಹೇಳೋಕೆ ಏನು ರೋಗ ನಿಂಗೆ, ಎವೇಲಿಯೊ?”

“ಹಳ್ಳದ ಹತ್ರ ಇದ್ದ ಗೂಡಿನ ವಿಷ್ಯ ಒಬ್ಬನಿಗೆ ಹೇಳ್ದೆ, ವಿಲ್ಬರ್ಟ್. ಒಬ್ಬನಿಗೇ. ಮುಂದಿನ ಭಾನುವಾರ ಮರದ ಬುಡದಲ್ಲಿ ತಮಾಲ್ ಕಡುಬು ಮಾರೋಳು ಒಲೆ ಹೂಡಿದ್ಲು. ಹಕ್ಕಿ ಮೊಟ್ಟೆ ಬಿಟ್ಟು ಹಾರಿಹೋಯ್ತು.”

“ನಾನೇನು ಊರಿಗೆಲ್ಲ ಡಂಗುರ ಹೊಡೀತೀನಾ?”

“ನಿನ್ನ ಬಾಯಿ ಸುಮ್ನಿರತ್ತೆ. ನಿನ್ನ ಮೊಮ್ಮಗಳ ಫೋನು ಸುಮ್ನಿರಲ್ಲ.”

“ನಮ್ಮ ಗುರು ದೋನ್ ಎಲೀಸೆಯೊ ಹೀಗೇ ಬಚ್ಚಿಟ್ಟಿದ್ರೆ ನಾವಿಬ್ರೂ ಹಕ್ಕಿ ಹಿಂದೆ ಬೀಳ್ತಿದ್ವಾ? ಕಣ್ಣಾರೆ ನೋಡದೆ ಇರೋದನ್ನ ಯಾರು ಪ್ರೀತಿಸ್ತಾರೋ?”

“ಅವ್ರು ತೋರಿಸಿದ್ರು. ಆದ್ರೆ ಸೇತುವೆ ದಾಟ್ತಿದ್ದ ಹಾಗೆ ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿದ್ರಲ್ಲ!”

“ನೀನು ಬೇರಿಗೆ ಎಡವಿ ಅವ್ರ ಮೇಲೇ ಬಿದ್ದಿದ್ದೆ!”

“ಬಿಚ್ಚಿದಾಗ ಸುತ್ತ ಮಂಜು, ಕಾಡು ಬೆಣ್ಣೆಹಣ್ಣಿನ ಮರ, ಕೊಂಬೆಯಿಂದ ಇಳಿಬಿಟ್ಟ ಆ ಹಸಿರು ಬಾಲ. ನೀನು ಕ್ಯಾಮೆರಾ ಮುಟ್ಟೋದನ್ನೇ ಮರೆತಿದ್ದೆ.”

“ಆ ಮರ ಎಲ್ಲಿತ್ತು ಅಂತ ಇವತ್ತಿಗೂ ಗೊತ್ತಿಲ್ಲ ಕಣೋ.”

“ನಂಗೂ ಗೊತ್ತಿಲ್ಲ. ಅಲ್ಲಿ ಇನ್ನೂ ಹಕ್ಕಿ ಇರಬಹುದು.”

ಇಬ್ಬರೂ ಬೆಟ್ಟದ ಕಡೆ ನೋಡಿದರು.

ಬಸ್ಸು ಬಂತು. ಮೆಟ್ಟಿಲು ಹತ್ತುವ ಮೊದಲು ವಿಲ್ಬರ್ಟ್ ಜೇಬಿನಿಂದ ಇಸ್ತ್ರಿ ಮಾಡಿದ ಕರವಸ್ತ್ರ ತೆಗೆದು ಗೆಳೆಯನ ಕೈಯಲ್ಲಿಟ್ಟ.

“ಸೇತುವೆ ಬಂದಾಗ ಬಿಗಿಯಾಗಿ ಕಟ್ಟು, ಮಾರಾಯ. ನನ್ನನ್ನ ನಾನೇ ನಂಬಲ್ಲ.”