ಕಲ್ಲಿನ ಸಾವಕಾರ ಮತ್ತು ಮೆತ್ತನೆಯ ಹಾಸು

ನೋಡಿ, ಈಗ ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ. ಶ್ರೀಮಂತ ಅಂದ ಕೂಡಲೇ ಅವನು ಕೆಟ್ಟವನಿರಬೇಕು, ಕೊನೆಗೆ ಅವನಿಗೆ ತಕ್ಕ ಶಾಸ್ತಿಯಾಗುತ್ತದೆ ಎಂದು ಹಿಂದಿನ ಸಾಲಿನವರು ಆಗಲೇ ನೆಟ್ಟಗೆ ಕೂತಿದ್ದೀರಿ. ಹಾಗೇನಿಲ್ಲ. ಇವನು ಒಳ್ಳೆಯವನು. ನಿಮ್ಮಂಥವನೇ. ತೊಂದರೆ ಇರುವುದೇ ಅಲ್ಲಿ.

ಅವನದು ಕಲ್ಲಿನ ವ್ಯಾಪಾರ. ಗುಡ್ಡದಿಂದ ಕಲ್ಲು ತೆಗೆಸಿ, ಕೊಯ್ಯಿಸಿ, ಹೊಳಪು ಕೊಡಿಸಿ ಊರೂರಿಗೆ ಕಳಿಸುತ್ತಿದ್ದ. ಕಲ್ಲಿನವರಿಗೆ ಒಂದು ರೂಢಿ ಇದೆ. ಹಾಸುಗಲ್ಲು ಕಂಡರೆ ಬೆರಳ ಗೆಣ್ಣಿನಿಂದ ಕುಟ್ಟಿ ನೋಡುತ್ತಾರೆ. ಖಣ್ ಎಂದರೆ ಗಟ್ಟಿ, ಇಲ್ಲದಿದ್ದರೆ ಒಳಗೆಲ್ಲೋ ಬಿರುಕು. ಇವನಿಗೆ ಆ ರೂಢಿ ಎಷ್ಟು ಅಂಟಿತ್ತೆಂದರೆ, ಬೀಗರ ಮನೆಗೆ ಹೋದರೂ ಮೊದಲು ಗೋಡೆ ಕುಟ್ಟಿ ಆಮೇಲೆ ಕೂರುತ್ತಿದ್ದ. ಗಟ್ಟಿಯಾದದ್ದು ಒಳ್ಳೆಯದು, ಮೆತ್ತಗಿದ್ದದ್ದು ಕೆಲಸಕ್ಕೆ ಬಾರದ್ದು. ಅವನ ಲೆಕ್ಕ ಇಷ್ಟೇ.

ಅವನಿಗೆ ಒಬ್ಬಳೇ ಮಗಳು, ಶಿವಲೀಲಾ. ಕಾಲೇಜಿಗೆ ಹೋಗುವ ಹುಡುಗಿ. ಅವಳಿಗೆ ಮೂರ್ಛೆ ಬರುತ್ತಿತ್ತು. ಯಾವ ಗುಳಿಗೆಯೂ ಸರಿಯಾಗಿ ಹತ್ತಲಿಲ್ಲ, ಗುಣ ಕಾಣಲಿಲ್ಲ. ಪ್ರತಿ ಸಲ ಎಚ್ಚರವಾಗಿ ಅವಳು ಅಳತೊಡಗಿದರೆ ಇವನು ಎದುರಿಗೆ ನಿಂತು ಹೇಳುತ್ತಿದ್ದದ್ದು ಒಂದೇ ಮಾತು: "ಗಟ್ಟಿ ಆಗವ್ವಾ. ಕಲ್ಲಿನವರ ಮಗಳು ನೀ." ಪ್ರೀತಿಯಿಂದಲೇ ಹೇಳುತ್ತಿದ್ದ. ಇದನ್ನು ಮರೆಯಬೇಡಿ, ಪ್ರೀತಿಯಿಂದಲೇ.

ದೊಡ್ಡ ಊರಿನ ಒಂದು ಪ್ರಯೋಗಾಲಯದಲ್ಲಿ ಹೊಸ ಕೆಲಸ ನಡೆದಿದೆ ಎಂದು ಡಾಕ್ಟರು ಹೇಳಿದರು. ಹುಡುಗಿಯ ತೋಳಿನಿಂದ ಚೂರು ಚರ್ಮ ತೆಗೆದುಕೊಂಡು, ಅದರ ಜೀವಕೋಶಗಳನ್ನು ಮಿದುಳಿನ ಜೀವಕೋಶಗಳಾಗಿ ಬದಲಾಯಿಸಿ, ಒಂದು ಬಟ್ಟಲಲ್ಲಿ ಬೆಳೆಸುತ್ತಾರೆ. ಇಡೀ ಮಿದುಳಲ್ಲ, ಗಾಬರಿಯಾಗಬೇಡಿ. ಯೋಚಿಸುವುದಿಲ್ಲ, ಕನಸು ಕಾಣುವುದಿಲ್ಲ, ಬರೀ ಒಂದು ಮಾದರಿ. ಔಷಧವನ್ನು ಮೊದಲು ಅದರ ಮೇಲೆ ಹಾಕಿ ನೋಡಿದರೆ ಹುಡುಗಿಗೆ ಯಾವುದು ಹತ್ತೀತು ಎಂಬುದರ ಸುಳಿವು ಸಿಗಬಹುದು. ಸಾವಕಾರ ಒಪ್ಪಿದ. ಪ್ರಯೋಗಾಲಯಕ್ಕೆ ಬೇಕಾದ ಯಂತ್ರವನ್ನೂ ಕೊಡಿಸಿದ.

ನೋಡಲು ಹೋದ. ಅಲ್ಲಿನ ವಿಜ್ಞಾನಿ ಒಬ್ಬ ಹೆಣ್ಣುಮಗಳು, ಎಲ್ಲರೂ ಗೌರವದಿಂದ ಬಾಯಾರು ಎನ್ನುತ್ತಿದ್ದರು; ಅವರು ಬಟ್ಟಲು ತೋರಿಸಿದರು. ಒಳಗೆ ಜೀವಕೋಶ ಬೆಳೆಯಲೆಂದು ಹಾಕಿದ ಹಾಸು, ಗಿಣ್ಣಿನ ಹಾಗೆ ಅಳ್ಳಾಡುತ್ತಿತ್ತು. ಇವನ ಬೆರಳು ಕುಟ್ಟಲು ಹೋಗಿ ಹಾಗೇ ನಿಂತಿತು.

"ಬಾಯಾರ, ಇದರ ಮ್ಯಾಲ ನನ್ನ ಮಗಳ ಮಿದುಳು ನಿಂದರ್ತೈತೇನ್ರಿ?"

"ನಮ್ಮ ತಲಿಯೊಳಗಿನ ಮಿದುಳೂ ಹಿಂಗ ಮೆತ್ತಗ ಇರತೈತ್ರಿ ಸಾವಕಾರ್ರ. ಅದಕ್ಕ ಹಾಸೂ ಮೆತ್ತಗ ಇರಬೇಕು."

"ಬುನಾದಿ ಗಟ್ಟಿ ಇರಲಾರದ ನಾ ಏನೂ ಕಟ್ಟಿಲ್ರಿ. ಇದನ್ನ ಸ್ವಲ್ಪ ಗಟ್ಟಿ ಮಾಡ್ರಿ."

ಬಾಯಾರು ಏನು ಮಾಡಬೇಕಿತ್ತು? ಇಲ್ಲ ಎನ್ನಬೇಕಿತ್ತು. ಎನ್ನಲಿಲ್ಲ, ಹಾಸನ್ನು ಗಟ್ಟಿ ಮಾಡಿಯೇಬಿಟ್ಟರು. ಯಂತ್ರ ಕೊಡಿಸಿದವನ ಮಾತು ಎಂಬುದು ಒಂದು. ಇನ್ನೊಂದು, ಅವರಿಗೂ ಆ ಮೆತ್ತನೆಯ ಹಾಸು ಸಾಕಾಗಿತ್ತು. ಚಿಮುಟದಿಂದ ಎತ್ತಿದರೆ ಹರಿಯುತ್ತಿತ್ತು, ಸೂಕ್ಷ್ಮದರ್ಶಕದ ಕೆಳಗೆ ಜಾರುತ್ತಿತ್ತು. ಗಟ್ಟಿ ಮಾಡಿದರೆ ಎತ್ತಿಡುವವರಿಗೆ ಅನುಕೂಲ. ನೋಡಿ, ಎತ್ತಿಡುವವರಿಗೆ ಅನುಕೂಲ. ಒಳಗೆ ಬೆಳೆಯುವುದಕ್ಕೆ ಏನು ಅನುಕೂಲ ಎಂದು ಆ ಹೊತ್ತಿಗೆ ಯಾರೂ ಕೇಳಲಿಲ್ಲ.

ತಿಂಗಳುಗಳು ಕಳೆದವು. ಒಂದು ದಿನ ಬಾಯಾರು ಅವನನ್ನು ಕರೆಸಿ, ಯಾವ ಔಷಧ ಹಾಕಿದರೂ ಬಟ್ಟಲಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ ಎಂದರು. ಸಾವಕಾರ ಕುರ್ಚಿ ಮುಂದಕ್ಕೆಳೆದುಕೊಂಡ.

"ಹಂಗಾರ ನನ್ನ ಮಗಳ ಮಿದುಳ ಕೆಟ್ಟೈತೇನ್ರಿ?"

ಆ ಪ್ರಶ್ನೆಯನ್ನು ಬಾಯಾರಿಗೆ ತಡೆದುಕೊಳ್ಳಲಾಗಲಿಲ್ಲ. "ಇಲ್ರಿ. ತಪ್ಪು ಹುಡುಗಿದಲ್ಲ, ನಾವು ಹಾಸಿದ್ದು ಗಟ್ಟಿ ಆತು. ಆ ಗಟ್ಟಿ ಹಾಸಿನ ಮ್ಯಾಲ ನರಕೋಶ ಕೈ ಚಾಚಲೇ ಇಲ್ಲ. ಮುದುಡಿ ಕುಂತು ಸತ್ತವು. ಬರೇ ಗಾಯ ಆದಲ್ಲಿ ತುಂಬಿಕೊಳ್ಳೋ ಬ್ಯಾರೆ ಕೋಶ ಹಬ್ಬ್ಯಾವು. ನನಗ ಅನುಮಾನ ಇತ್ರಿ. ನಾ ಸುಮ್ಮನಿದ್ದೆ."

ಸಾವಕಾರ ಸಿಟ್ಟಾಗಬಹುದಿತ್ತು. ಆದರೆ ಗಟ್ಟಿ ಮಾಡಿ ಎಂದವನು ಯಾರು? ಪುಣ್ಯಕ್ಕೆ ಹುಡುಗಿಯ ಜೀವಕೋಶ ಇನ್ನೂ ಸ್ವಲ್ಪ ಶೀತಲ ಪೆಟ್ಟಿಗೆಯಲ್ಲಿತ್ತು. ಮತ್ತೆ ಮೊದಲಿನಿಂದ ಶುರು ಮಾಡಿದರು, ಈ ಸಲ ಆ ಮೆತ್ತನೆಯ ಹಾಸಿನ ಮೇಲೆ. ಅದು ಹರಿದಾಗ ಹೊಸದು ಮಾಡಿದರು, ಜಾರಿದಾಗ ಕಾದರು. ಮತ್ತೆ ಕರೆಸಿದಾಗ ಅವನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ಸಣ್ಣ ಸಣ್ಣ ಎಳೆಗಳು ಒಂದರ ಕಡೆಗೊಂದು ಚಾಚಿ, ಅಲ್ಲಲ್ಲಿ ಮುಟ್ಟಿಕೊಂಡಿದ್ದವು.

"ಇವೂ ಅವಳವೇನ್ರಿ?"

"ಅವಳವ ಅದಾವ್ರಿ. ಹಾಸು ಅಷ್ಟ ಬ್ಯಾರೆ."

ಅವನು ಬಹಳ ಹೊತ್ತು ನೋಡಿದ. ಆಮೇಲೆ ಊರಿಗೆ ಹೊರಟ.

ಮನೆಗೆ ಬಂದರೆ ಮಗಳು ಪಡಸಾಲೆಯಲ್ಲಿ ಮೊಣಕೈ ಉಜ್ಜಿಕೊಳ್ಳುತ್ತಾ ಕೂತಿದ್ದಳು, ಕಣ್ಣು ಕೆಂಪಾಗಿತ್ತು. ಇವನ ಬಾಯಿ ಎಂದಿನಂತೆ ತೆರೆಯಿತು. ತೆರೆದ ಬಾಯಿ ಮುಚ್ಚಿಕೊಂಡ. ಹೋಗಿ ಪಕ್ಕದಲ್ಲಿ ಕೂತ.  ಕೂತೇ ಇದ್ದ.

ಬಹಳ ಹೊತ್ತಾದ ಮೇಲೆ ಹುಡುಗಿ ಅಂದಳು: "ಅಪ್ಪಾ, ಇವತ್ತೂ ಬಂದಿತ್ತು. ಬಚ್ಚಲದಾಗ ಬಿದ್ದೆ. ಈ ತಿಂಗಳು ಭಾಳ ಸಲ ಬಂದೈತಿ. ನಿಮಗ ಹೇಳಿಲ್ಲ."

"ಯಾಕವ್ವಾ?"

"ಹೇಳಿದ್ರ, ನಾ ಇನ್ನೂ ಗಟ್ಟಿ ಆಗಿಲ್ಲ ಅಂತ ನಿಮಗ ಗೊತ್ತಾಗತಿತ್ತಲ್ಲ."

ಕೇಳಿದಿರಾ? ಮೂರ್ಛೆ ಕಡಿಮೆಯಾಗಿದೆ ಎಂದು ಇವನು ಡಾಕ್ಟರಿಗೆ ಹೇಳುತ್ತಾ ಬಂದಿದ್ದ. ಡಾಕ್ಟರು ಅದನ್ನು ನಂಬಿ ಗುಳಿಗೆ ಕಡಿಮೆ ಮಾಡಿದ್ದರು. ಕಡಿಮೆಯಾಗಿದ್ದು ಮೂರ್ಛೆ ಅಲ್ಲ, ಮಗಳ ಮಾತು. ಆ ಮನುಷ್ಯ ಅವಳ ಕೈ ಹಿಡಿದುಕೊಂಡು ಅತ್ತ. ಮರುದಿನ ಡಾಕ್ಟರ ಮುಂದೆ ಅವಳೇ ಎಲ್ಲ ಹೇಳಿದಳು, ಇವನು ನಡುವೆ ಬಾಯಿ ಹಾಕಲಿಲ್ಲ. ಬಟ್ಟಲಲ್ಲಿ ಯಾವ ಔಷಧ ಗೆದ್ದಿತು ಎಂದು ಕೇಳುತ್ತೀರಿ. ಆ ಪರೀಕ್ಷೆ ಇನ್ನೂ ನಡೆಯುತ್ತಿದೆ. ನಿಜವನ್ನು ಆಧರಿಸಿದ ಚಿಕಿತ್ಸೆ ಮಾತ್ರ ಅವತ್ತೇ ಶುರುವಾಯಿತು.

ಈಗ ನಿಮ್ಮ ಕಡೆ ಬರೋಣ. ನಿಮ್ಮ ಮನೆಯಲ್ಲಿ ಪ್ರಯೋಗಾಲಯ ಇಲ್ಲ ಎಂದು ನಿರಾಳವಾಗಿ ಕೂರಬೇಡಿ. ಮಗ ಪರೀಕ್ಷೆಯಲ್ಲಿ ಬಿದ್ದು ಬಂದಾಗ, ಹೆಂಡತಿ ಬೆನ್ನು ನೋವು ಎಂದಾಗ, ಮುದಿ ತಂದೆ ರಾತ್ರಿ ನಿದ್ದೆ ಬರುವುದಿಲ್ಲ ಎಂದಾಗ ನಿಮ್ಮ ಬಾಯಿಂದ ಮೊದಲು ಬರುವ ಮಾತು ಯಾವುದು? ಧೈರ್ಯ ಹೇಳಿದೆ ಎಂದುಕೊಳ್ಳುತ್ತೀರಿ. ಯಾರ ಅನುಕೂಲಕ್ಕೆ ಹೇಳಿದಿರಿ? ಆ ಮಾತು ಬೇಗ ಮುಗಿಯಲಿ, ನಿಮ್ಮ ಊಟ ತಣ್ಣಗಾಗದಿರಲಿ ಎಂದಲ್ಲವೇ?

ಅದಕ್ಕೇ ಹೇಳುತ್ತೇನೆ. ಇವತ್ತು ಮನೆಗೆ ಹೋದ ಮೇಲೆ ಯಾರಾದರೂ ಏನಾದರೂ ಹೇಳಲು ಶುರು ಮಾಡಿದರೆ, ಅವರ ಮಾತು ಪೂರ್ತಿ ಮುಗಿಯುವ ತನಕ ಬುದ್ಧಿ ಹೇಳಬೇಡಿ. ಫೋನು ಪಕ್ಕಕ್ಕಿಡಿ, ಹತ್ತಿರ ಕೂತುಕೊಳ್ಳಿ. ಇನ್ನು ಕೆಲವರು, ನಮ್ಮ ಮನೆಯಲ್ಲಿ ಯಾರೂ ನೋವು ಹೇಳಿಕೊಳ್ಳುವುದೇ ಇಲ್ಲ, ಎಲ್ಲ ಆರಾಮ ಇದ್ದಾರೆ ಎನ್ನುತ್ತೀರಿ. ನೀವು ಸ್ವಲ್ಪ ಬೇಗ ಮನೆಗೆ ಹೋಗಿ.