ಕೆಂಪು ಬ್ಯಾಟು

ಎಪ್ಪತ್ತನಾಲ್ಕರ ಜನವರಿ. ಮಂಡ್ಯದ ಬಸ್ ನಿಲ್ದಾಣದಲ್ಲಿ ಮಳವಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಕೊತ್ತತ್ತಿಯ ಇಬ್ಬರು ಗೆಳೆಯರು, ಹೊಳಲು ಊರಿನವರ ಜೊತೆ ಬಾಲ್ ಬ್ಯಾಡ್ಮಿಂಟನ್ ಪಂದ್ಯಕ್ಕೆ ಹೊರಟವರು. ಮಾದುವಿನ ಕೈಯಲ್ಲಿ ನೀಲಿ ಬ್ಯಾಟು, ಬೋರನ ಕೈಯಲ್ಲಿ ಕೆಂಪು.

“ಬೋರ, ಇವತ್ತೊಂದಿನ ನಿನ್ ಕೆಂಪ್ ಬ್ಯಾಟ್ ಕೊಡ್ಲಾ. ಒಳಲಿನೋರ್ ಮುಂದೆ ಸೋತ್ರೆ ಊರ್ಗೆ ಎಂಗ್ಲಾ ಓಗದು?”

“ಎರಡೂ ಒಂದೇ ಅಂಗ್ಡೀವು ಕಣ್ಲಾ ಮಾದು. ಒಂದೇ ಮರ, ಒಂದೇ ತಂತಿ. ಬಣ್ಣ ಬ್ಯಾರೆ ಅಷ್ಟೇಯ.”

“ಬುಡ್ಲಾ. ನೆನ್ನೆ ನಿಂದ್ರಲ್ಲಿ ಒಡುದ್ರೆ ಚೆಂಡು ಗುಂಡ್ ಓದಂಗೆ ಓಯ್ತು. ಈ ನೀಲೀದು ಬರೀ ಸೋಂಬೇರಿ.”

“ಓದ್ವರ್ಸ ನೀನು ನಿನ್ ಹಳೇ ಬ್ಯಾಟ್ನ, ಕೆಲ್ಸಕ್ ಬರಾಕಿಲ್ಲ ಅಂತ ನಮ್ಮನೇಲಿ ಬಿಸಾಕ್ಬುಟ್ಟು ಓದಲ್ಲ, ಗ್ಯಾಪ್ಕ ಅದಾ?”

“ಅದೆ. ದರಿದ್ರದ್ ಬ್ಯಾಟು.”

“ಅದೇ ಕಣ್ಲಾ ಇದು. ಮೊನ್ನೆ ಸಂಕ್ರಾಂತೀಲಿ ಎತ್ತಿನ್ ಕೊಂಬಿಗೆ ಬಳ್ದು ಮಿಕ್ಕಿದ್ ಕೆಂಪ್ನ ಇದ್ಕೂ ಬಳ್ದೆ.”

ಮಾದು ಕೆಂಪು ಬ್ಯಾಟನ್ನು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಹಿಡಿಯ ಬುಡದಲ್ಲಿ ಹಳೆಯ ನೀಲಿ ಇಣುಕುತ್ತಿತ್ತು. ಅಷ್ಟರಲ್ಲಿ ಅವರ ಬಸ್ಸು ಬಂತು. ಇನ್ನು ವಾಪಸು ಕೊಡುತ್ತಾನೆ ಎಂದುಕೊಂಡೆ.

ಅವನು ನೀಲಿಯದನ್ನು ಬೋರನ ಕಂಕುಳಿಗೆ ತುರುಕಿ, ಕೆಂಪನ್ನು ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದ.

“ಅದ್ಕೇಯಾ ಮತ್ತೆ! ಎತ್ತಿನ್ ಕಸುವು ಬಂದದೆ ಕಣ್ಲಾ ಇದ್ಕೆ.”