ಗ್ಲೆಂಡಾ ಅತ್ತೆಯ ಗಾಡಿಯ ಶಾಫ್ಟ್

ಮೊಂಟಾನಾದ ಒಂದು ಸಣ್ಣ ಊರು. ಗಾಡಿಯ ಬಿಡಿಭಾಗ ಮಾರುವ ಅಂಗಡಿಯಲ್ಲಿ ವೈಪರ್ ಕೊಳ್ಳಲು ಸಾಲಿನಲ್ಲಿ ನಿಂತಿದ್ದ ಲೊರೇನ್‌ಗೆ ಮುಂದಿದ್ದ ಇಬ್ಬರ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಆಯಿಲ್ ಡಬ್ಬಿ ಹಿಡಿದವನು ಮುದುಕ ಆರಿನ್. ಹಕಲ್‌ಬೆರಿ ಹಣ್ಣು ತುಂಬಿ ಸುಟ್ಟ ಪೈ ಹಿಡಿದು ಅವನನ್ನು ಹುಡುಕಿಕೊಂಡು ಬಂದವನು ನೆರೆಮನೆಯ ಟೇಟ್.

"ತಗೊಳ್ಳಿ ಮಾವ. ರಿಪೇರಿಗೆ ದುಡ್ಡು ಕೊಟ್ರೆ ಬೈತೀರಿ, ಪೈ ಆದ್ರೂ ತಿನ್ನಿ."

"ಗಾಡಿ ಗುಡ್ಡ ಹತ್ತಿತಾ, ಅದನ್ನ ಹೇಳು."

"ನಾಲ್ಕು ಚಕ್ರಾನೂ ಎಳೀತು! ಹಿಮದಲ್ಲಿ ಸಿಕ್ಕಿಕೊಂಡಿದ್ದ ಹಸುಗಳಿಗೆಲ್ಲ ಹುಲ್ಲು ಮುಟ್ಟಿಸ್ದೆ. ಒಂದೂ ಸಾಯ್ಲಿಲ್ಲ."

"ಬರೀ ಹಿಂದಿನ ಚಕ್ರ ತಿರುಗಿಸೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಂದು, ಅದರ ಹಿಂದಿನ ಡಬ್ಬಿ ಬಿಚ್ಚಿ ನಾಲ್ಕು ಚಕ್ರದ್ದನ್ನ ಕೂರಿಸಿ ಬೋಲ್ಟ್ ಹಾಕಿದ್ರೆ ಮುಗೀತು ಅಂದಿದ್ದೆಯಲ್ಲೋ, ಜಾಣ!"

"ನಾಲ್ಕು ಚಕ್ರ ಎಳೆಯೋ ಗಾಡಿಗೆ ಒಳಗೆ ತಿರುಗೋ ಶಾಫ್ಟೇ ಬೇರೆ ಅಂತ ನನಗೇನು ಗೊತ್ತು? ಗುಜರಿಯೆಲ್ಲ ಜಾಲಾಡಿದ್ರೂ ಸಿಗಲಿಲ್ಲ. ನಿಮಗೆಲ್ಲಿ ಸಿಕ್ತು?"

"ನಮ್ಮ ಶೆಡ್ಡಲ್ಲೇ ಇತ್ತು."

"ಶೆಡ್ಡಲ್ಲಿರೋದು ಗ್ಲೆಂಡಾ ಅತ್ತೆ ಗಾಡಿ ಒಂದೇ."

"ಹೂಂ."

"ಮಾವ... ಅತ್ತೆ ತೀರ್ಕೊಂಡ ಮೇಲೆ ಅದರ ಬಾಗಿಲು ತೆಗೆಯೋಕೂ ಯಾರನ್ನೂ ಬಿಟ್ಟಿರಲಿಲ್ಲ ನೀವು."

"ಹಸು ಹಸ್ಕೊಂಡಿದ್ರೆ ಅವಳಿಗೆ ಊಟ ಸೇರ್ತಿರಲಿಲ್ಲ ಕಣೋ. ನಾನು ಕೊಡದೆ ಇದ್ದಿದ್ರೆ ಬೈದು ಜನ್ಮ ಜಾಲಾಡಿಬಿಡ್ತಿದ್ಲು."

ಟೇಟ್ ಜೇಬಿನಿಂದ ತನ್ನ ಗಾಡಿಯ ಕೀಲಿ ತೆಗೆದು ಮುದುಕನ ಅಂಗೈಯಲ್ಲಿಟ್ಟ.

"ಈಗ ಹುಲ್ಲು ಹೇರ್ಕೊಂಡು ಗುಡ್ಡಕ್ಕೇ ಹೊರಟಿದ್ದೆ. ನೀವೇ ಓಡ್ಸಿ."

ಆರಿನ್ ಆಯಿಲ್ ಡಬ್ಬಿಯನ್ನು ಅಲ್ಲೇ ಕೌಂಟರಿನ ಮೇಲೆ ಮರೆತು ಹೊರಟ. ಪೈ ಹಿಡಿದ ಟೇಟ್, ಸ್ಟಿಯರಿಂಗಿನ ಪಕ್ಕದ ಸೀಟಿನಲ್ಲಿ ಹೋಗಿ ಕುಳಿತ.